ಮಗಳಿಗೆ ‘ಆದ್ಯಾ’ ಅಂತ ಹೆಸರಿಡಬಹುದಾ? ಇಟ್ಟವರು ಹೇಳಿ

ಸಿರುಗುಪ್ಪದ ತಾಯಿ:
ಎಲ್ಲರಿಗೂ ನಮಸ್ಕಾರ. ಮಗಳು ಹುಟ್ಟಿದ್ದು ಕೃತ್ತಿಕಾ ನಕ್ಷತ್ರ, ಮೊದಲ ಪಾದ. ‘ಅ’ ಅಕ್ಷರ ಬಂದಿದೆ. ಆದ್ಯಾ ಅಂತ ಇಡೋಣ ಎಂದು ನಾನೂ ಮನೆಯವರೂ ಅಂದುಕೊಂಡಿದ್ದೇವೆ. ಅತ್ತೆ ಬಳ್ಳಾರಿ ಕನಕದುರ್ಗಮ್ಮನಿಗೆ ಹರಕೆ ಹೊತ್ತಿದ್ದರು. ಅವರಿಗೆ ದುರುಗಮ್ಮನ ಹೆಸರೇ ಆಗಬೇಕು. ಆದ್ಯಾ ಅಂದರೆ ಸರಿಯಾದ ಅರ್ಥ ಏನು? ಈಗ ಮನೆಗೊಂದು ಆದ್ಯಾ ಇದೆ ಅಂತಾರೆ, ನಿಜಾನಾ? ತೊಟ್ಟಿಲು ಕಾರ್ಯ ಹತ್ತಿರ ಬಂತು, ಬೇಗ ಹೇಳಿ.

ಗಂಗಾವತಿಯಿಂದ:
ನನ್ನ ಮಗಳ ಹೆಸರು ಆದ್ಯಾ. ಎರಡನೇ ಕ್ಲಾಸು. ಹೆಸರಿನ ಬಗ್ಗೆ ನನಗೆ ಚೂರೂ ಬೇಜಾರಿಲ್ಲ. ಆದರೆ ಅದನ್ನು ಕಾಗದದ ಮೇಲೆ ನೆಟ್ಟಗೆ ತರಲು ಪಟ್ಟ ಪಾಡು ಯಾರಿಗೂ ಬೇಡ. ಜನನ ಪ್ರಮಾಣಪತ್ರದಲ್ಲಿ ಕನ್ನಡದಲ್ಲಿ ‘ಆಧ್ಯ’ ಅಂತ ಹಾಕಿದ್ದರು. ಇಂಗ್ಲಿಷ್‌ನಲ್ಲಿ ಮೊದಲಿಗೆ ಒಂದೇ ಎ. ಆಧಾರ್‌ನಲ್ಲಿ ಎರಡು ಎ, ನಡುವೆ ಒಂದು ಹೆಚ್. ಶಾಲೆಯಲ್ಲಿ ಎರಡನ್ನೂ ಟೇಬಲ್ ಮೇಲೆ ಅಕ್ಕಪಕ್ಕ ಇಟ್ಟು, ಅಕ್ಷರಗಳ ಕೆಳಗೆ ಪೆನ್ನಿನಿಂದ ಗೆರೆ ಎಳೆದು, ‘ಇದು ಒಬ್ಬಳೇ ಹುಡುಗಿ ಅಂತ ಹೇಗೆ ನಂಬೋದು?’ ಅಂದರು. ಎದೆ ಒಡೆದ ಹಾಗಾಯಿತು.

ಛಾಪಾ ಕಾಗದಕ್ಕೆ 100. ನೋಟರಿಗೆ 300. ಟೈಪ್ ಮಾಡಿದವರಿಗೆ 80. ಆಧಾರ್ ತಿದ್ದಲು ರಸೀದಿ 50ಕ್ಕೆ, ಕೈಯಿಂದ ಹೋದದ್ದು 150. ಜೆರಾಕ್ಸ್, ಆಟೋ ಲೆಕ್ಕ ಹಾಕಿಲ್ಲ. ಇದೆಲ್ಲ ಭತ್ತದ ಕಟಾವಿನ ಹೊತ್ತಲ್ಲಿ. ಮನೆಯವರು ಕಚೇರಿಯ ಸಾಲಲ್ಲಿ ನಿಂತಿದ್ದಾಗ ಕಟಾವು ಯಂತ್ರ ಪಕ್ಕದವರ ಹೊಲಕ್ಕೆ ಹೋಯಿತು. ಮಳೆ ಬಂತು. ಆ ನಷ್ಟ ಯಾರ ಹತ್ತಿರ ಕೇಳಲಿ? ಆಧಾರ್‌ನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ ಎರಡೇ ಸಲ ಅವಕಾಶ. ನಮ್ಮದು ಒಂದು ಆಗಲೇ ಮುಗಿದಿದೆ.

ರಾಯಚೂರು ಮೇಷ್ಟ್ರು:
‘ಆಧ್ಯ’ ಅಂತ ಬರೆಯುವವರನ್ನು ನೋಡಿದರೆ ಮೈ ಉರಿಯುತ್ತದೆ. ಆದಿ ಅಂದರೆ ಮೊದಲು. ಅದರಿಂದ ಆದ್ಯ, ಮೊದಲಿನವನು. ಹೆಣ್ಣಾದರೆ ಆದ್ಯಾ, ಎಲ್ಲಕ್ಕಿಂತ ಮೊದಲಿನವಳು, ಆದಿಶಕ್ತಿ. ಇಲ್ಲಿ ಮಹಾಪ್ರಾಣಕ್ಕೆ ಕೆಲಸವೇ ಇಲ್ಲ. ‘ಆಢ್ಯ’ ಬೇರೆ, ಅದು ಸಿರಿವಂತ. ಮೊದಲಿನ ದೀರ್ಘ ಬಿಟ್ಟು ‘ಅದ್ಯ’ ಅಂದರೆ ಸಂಸ್ಕೃತದಲ್ಲಿ ‘ಇವತ್ತು’. ಮಗುವಿಗೆ ‘ಇವತ್ತು’ ಅಂತ ಹೆಸರಿಡುತ್ತೀರಾ?

ನಾನು ಮೊಮ್ಮಗಳಿಗೆ ಇದೇ ಹೆಸರು ಇಟ್ಟಿದ್ದು, ಮೊಬೈಲ್ ನೋಡಿ ಅಲ್ಲ. ನವರಾತ್ರಿಯಲ್ಲಿ ನಮ್ಮ ಮನೆಯಲ್ಲಿ ದುರ್ಗೆಯ 108 ಹೆಸರು ಓದುತ್ತೇವೆ. ಅದರಲ್ಲಿ ಆರ್ಯಾ, ದುರ್ಗಾ, ಜಯಾ, ಆದ್ಯಾ ಸಾಲಾಗಿ ಬರುತ್ತವೆ. ಬಂಗಾಳದವರು ಕಾಳಿಯನ್ನೇ ಆದ್ಯಾ ಅಂತ ಪೂಜಿಸುತ್ತಾರೆ. ತೊಟ್ಟಿಲಲ್ಲಿ ಸೋದರತ್ತೆ ಕಿವಿಯಲ್ಲಿ ಹೆಸರು ಹೇಳುವಾಗ ‘ಆದ್ಯ’ ಅಂತ ಮೊಟಕು ಮಾಡಿದಳು. ಬೆನ್ನಿಗೆ ಗುದ್ದು ಬೀಳುವ ಮೊದಲೇ ನಾನು ತಡೆದು, ಕೊನೆಯ ದೀರ್ಘ ಎಳೆದು ಇನ್ನೊಮ್ಮೆ ಹೇಳಿಸಿದೆ. ಹೆಂಗಸರು ಸಿಟ್ಟಾದರು. ಆಗಲಿ.

ಕುಷ್ಟಗಿ ಅಪ್ಪ:
ನನ್ನ ಮಗಳ ಹೆಸರು ಹುಲಿಗೆಮ್ಮ. ನಮ್ಮವ್ವನ ಹೆಸರು. ಹುಣ್ಣಿಮೆ ದಿನ ಹುಲಿಗಿಗೆ ಬನ್ನಿ, ಹುಲಿಗೆಮ್ಮ ದೇವಿಯನ್ನು ನೋಡಲು ಎಷ್ಟು ಜನ ಬರುತ್ತಾರೆ ನೋಡಿ. ಅಂಥ ಹೆಸರು ಬಿಟ್ಟು ಎಲ್ಲರೂ ಆದ್ಯಾ, ಆರಾಧ್ಯಾ, ಅದ್ವಿತಾ ಅಂತ ಓಡುತ್ತಿದ್ದಾರೆ.

ಒಂದು ಖಾಸಗಿ ಶಾಲೆಗೆ ಸೇರಿಸಲು ಹೋದೆ. ‘ಹೆಸರು ಸ್ವಲ್ಪ ಹಳೆಯದಾಯಿತು, ದಾಖಲೆಯಲ್ಲಿ ಹರ್ಷಿತಾ ಅಂತ ಹಾಕೋಣವಾ?’ ಅಂದರು. ನನ್ನ ಮಗಳ ಎದುರಿಗೇ ಅಂದರು. ಅವಳು ನನ್ನ ಮುಖ ನೋಡಿದಳು. ಅಲ್ಲೇ ಎದ್ದೆ. ಕಟ್ಟಿದ್ದ ಪ್ರವೇಶ ಶುಲ್ಕ 12,000 ವಾಪಸ್ ಕೊಡಲಿಲ್ಲ. ಪುಸ್ತಕದ್ದು 2,300 ಮಾತ್ರ ಬಂತು. ಸಮವಸ್ತ್ರ ಹೊಲಿಸಿ ಆಗಿತ್ತು, ಅದು ಈಗಲೂ ಟ್ರಂಕಿನಲ್ಲಿದೆ. ಸರ್ಕಾರಿ ಶಾಲೆಗೆ ಹಾಕಿದೆ. ಅಲ್ಲಿ ಹಾಜರಿ ಕೂಗಿದರೆ ‘ಹುಲಿಗೆಮ್ಮ’ ಅಂತ ಜೋರಾಗಿ ಕೂಗುತ್ತಾರೆ. ಅತ್ತೆ ಮಾತು ಕೇಳಿ ತಂಗಿ.

ಸಿಂಧನೂರಿನವಳು:
ಅಣ್ಣ, ಹೆಸರಿಟ್ಟವರು ನೀವು. ಹೊತ್ತುಕೊಂಡು ತಿರುಗುವವಳು ಅವಳು. ನನ್ನ ಹೆಸರು ದುರುಗಮ್ಮ. ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜಲ್ಲಿ ಹಾಜರಿ ಕೂಗಿದಾಗ ಹಿಂದಿನ ಬೆಂಚಿನಿಂದ ನಗು ಕೇಳಿಸುತ್ತಿತ್ತು. ಸಂದರ್ಶನಕ್ಕೆ ಹೋದರೆ ‘ನಿಮ್ಮ ತಾಯಿ ಹೆಸರಲ್ಲ, ನಿಮ್ಮ ಹೆಸರು ಹೇಳಿ’ ಅಂದವರಿದ್ದಾರೆ. ಅಜ್ಜಿಯ ಮೇಲೆ ನನಗೂ ಪ್ರೀತಿ ಇದೆ. ಅವಳ ಕಾಸಿನ ಸರ ಈಗಲೂ ನನ್ನ ಕೊರಳಲ್ಲಿದೆ. ಆದರೆ ಆ ನಗು ನನ್ನ ಮಗಳಿಗೆ ಬೇಡ ಅಂತ ನಾನೇ ಹಟ ಹಿಡಿದು ಆದ್ಯಾ ಅಂತ ಇಟ್ಟೆ. ಅವಳ ಕ್ಲಾಸಲ್ಲಿ ಆದ್ಯಾ ಪಿ. ಇದ್ದಾಳೆ, ಆದ್ಯಾ ಎಸ್. ಇದ್ದಾಳೆ. ಇರಲಿ ಬಿಡಿ. ನಮ್ಮ ಕಾಲದಲ್ಲಿ ಒಂದೊಂದು ಕ್ಲಾಸಿಗೆ ಎಷ್ಟು ಸವಿತಾ, ಎಷ್ಟು ಕವಿತಾ ಇರಲಿಲ್ಲ?

ಕುಷ್ಟಗಿ ಅಪ್ಪ:
ನಕ್ಕವರದ್ದು ತಪ್ಪು. ಹೆಸರಿನದ್ದಲ್ಲ. ನೀವು ನಕ್ಕವರ ಪರ ನಿಂತ ಹಾಗಾಯಿತಲ್ಲ ತಂಗಿ.

ಸಿಂಧನೂರಿನವಳು:
ನಾಲ್ಕು ವರ್ಷ ಆ ಬೆಂಚಿನ ಮುಂದೆ ಕೂತವಳು ನಾನು. ಯಾರ ಪರ ಅಂತ ನನಗೆ ಹೇಳಿಕೊಡಬೇಡಿ. ನಿಮ್ಮ ಮಗಳು ಕಾಲೇಜಿಗೆ ಹೋಗಲಿ, ಆಮೇಲೆ ಮಾತಾಡೋಣ.

ಬಳ್ಳಾರಿ ಕೌಲ್‌ಬಜಾರ್‌ನಿಂದ:
ಜಗಳ ಬಿಡಿ. ಯಾವ ಹೆಸರಾದರೂ ಇಡಿ, ಎಲ್ಲ ಕಾಗದದಲ್ಲೂ ಒಂದೇ ಥರ ಇರಲಿ. ನನ್ನ ದೊಡ್ಡ ಮಗಳು ಶ್ರೀವಿದ್ಯಾ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಕೂಡಿಸಿ ಬರೆದಿದೆ. ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಕೊಡುವ 371ಜೆ ಪ್ರಮಾಣಪತ್ರದಲ್ಲಿ ಶ್ರೀ ಬೇರೆ, ವಿದ್ಯಾ ಬೇರೆ. ಒಂದು ಖಾಲಿ ಜಾಗ ಅಷ್ಟೇ! ಸಿಇಟಿ ದಾಖಲೆ ಪರಿಶೀಲನೆಯಲ್ಲಿ ತಡೆದರು. ನಮ್ಮ ಕಡೆಯ ಮಕ್ಕಳಿಗೆ ಆ ಮೀಸಲಾತಿ ಎಷ್ಟು ದೊಡ್ಡದು ಅಂತ ಇಲ್ಲಿರುವವರಿಗೆ ಹೇಳಬೇಕಾಗಿಲ್ಲ. ಅಫಿಡವಿಟ್, ಎರಡು ಪತ್ರಿಕೆಯಲ್ಲಿ ಜಾಹೀರಾತು, ಒಟ್ಟು 4,600 ಖರ್ಚು. ಮಗಳು ಊಟ ಬಿಟ್ಟು ಕೂತಿದ್ದಳು.

ಅದರ ಮೇಲೆ ಊರಿನ ಹೆಸರಿನ ಗೋಳು. 2014ರ ನವೆಂಬರ್ 1ರಿಂದ ಇಂಗ್ಲಿಷ್‌ನಲ್ಲೂ ಬಳ್ಳಾರಿ ಅಂತ ಆಯಿತು. ಅವಳ ಹಳೆಯ ಕಾಗದದಲ್ಲೆಲ್ಲ ‘ಬೆಲ್ಲಾರಿ’ ಇದೆ. ಅದಕ್ಕೂ ಪ್ರಶ್ನೆ ಬಂತು.

ಸಿರುಗುಪ್ಪ ಸೈಬರ್ ಸೆಂಟರ್:
4,600 ಕೊಟ್ಟಿದ್ದು ದುಬಾರಿ ಆಯಿತು ಸರ್. ಇಂಥದ್ದು ನಾವು ದಿನಾ ಮಾಡುತ್ತೇವೆ, 900ರಲ್ಲಿ ಮುಗಿಯುತ್ತದೆ. ಖಾಲಿ ಜಾಗದ ವ್ಯತ್ಯಾಸಕ್ಕೆ ಜಾಹೀರಾತು ಯಾಕೆ ಕೊಟ್ಟಿರಿ?

ಬಳ್ಳಾರಿ ಕೌಲ್‌ಬಜಾರ್‌ನಿಂದ:
ಕೇಳಿದ್ದಕ್ಕೆ ಕೊಟ್ಟೆ. ಮಗಳ ಸೀಟು ಹೋಗುವ ಹೊತ್ತಲ್ಲಿ ಚೌಕಾಸಿ ಮಾಡಲಾ? ನಿಮ್ಮಂಥವರೇ ಆಧಾರ್‌ನಲ್ಲಿ ತೋಚಿದ ಹಾಗೆ ಹೆಚ್ ಸೇರಿಸೋದು.

ಸಿರುಗುಪ್ಪ ಸೈಬರ್ ಸೆಂಟರ್:
ಜನ ಬರೆದು ಕೊಟ್ಟಿದ್ದನ್ನು ಹೊಡೆಯುತ್ತೇವೆ. ಬಾಯಲ್ಲಿ ‘ಆದ್ಯ’ ಅಂದರೆ ಎಷ್ಟು ಎ ಅಂತ ನಮಗೆ ಹೇಗೆ ಗೊತ್ತಾಗಬೇಕು? ಕೇಳಿದವರಿಗೆ ಒಂದು ಮಾತು. ಮಗುವಿನ ಹೆಸರಿಲ್ಲದೆಯೂ ಜನನ ನೋಂದಣಿ ಆಗುತ್ತದೆ. 12 ತಿಂಗಳ ಒಳಗೆ ಹೆಸರು ಸೇರಿಸಿದರೆ ಶುಲ್ಕ ಇಲ್ಲ, ಆಮೇಲೆ ಸೇರಿಸಿದರೆ ತಡವಾದ ಶುಲ್ಕ ಕಟ್ಟಬೇಕು. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆಗೂ ಪಾಸ್‌ಪೋರ್ಟಿಗೂ ಹುಟ್ಟಿದ ದಿನಕ್ಕೆ ಜನನ ಪ್ರಮಾಣಪತ್ರವೇ ಆಧಾರ. ಅಲ್ಲಿ ಅಕ್ಷರ ಸರಿ ಮಾಡಿಸಿಕೊಂಡು ಆಮೇಲೆ ಆಧಾರ್‌ಗೆ ಹೋಗಿ.

ಗಂಗಾವತಿಯಿಂದ:
ನಾನೂ ಚೀಟಿಯಲ್ಲಿ ದೊಡ್ಡದಾಗಿ ಬರೆದು ಕೊಟ್ಟಿದ್ದೆ. ಆ ಚೀಟಿ ಇನ್ನೂ ನನ್ನ ಹತ್ತಿರ ಇದೆ. ಎಲ್ಲ ಜನರ ತಪ್ಪು ಅಂತ ಹೇಳಬೇಡಿ.

ಕುಷ್ಟಗಿ ಅಪ್ಪ:
ಹುಲಿಗೆಮ್ಮ ಅಂತ ಬರೆಯುವಾಗ ಯಾರೂ ತಪ್ಪು ಮಾಡಿಲ್ಲ. ನಮ್ಮ ಬಾಯಿಗೆ ಒಗ್ಗುವ ಹೆಸರಿಗೆ ಈ ರಗಳೆ ಇಲ್ಲ.

ರಾಯಚೂರು ಮೇಷ್ಟ್ರು:
ಆದ್ಯ ನಮ್ಮ ಬಾಯಿಗೆ ಹೊಸದೇನಲ್ಲ ಸ್ವಾಮಿ. ಆದ್ಯ ವಚನಕಾರ ಅಂತ ಜೇಡರ ದಾಸಿಮಯ್ಯನನ್ನು ಕರೆಯುತ್ತೇವೆ. ನಾಟಕಕಾರ ಶ್ರೀರಂಗರ ಮನೆತನದ ಹೆಸರೇ ಆದ್ಯ. ಸಂಸ್ಕೃತದ ಸೀತಾ, ಗಂಗಾ ನಮ್ಮಲ್ಲಿ ಸೀತೆ, ಗಂಗೆ ಆದ ಹಾಗೆ ಇದನ್ನು ‘ಆದ್ಯೆ’ ಅಂದರೂ ಆಗುತ್ತದೆ. ನನ್ನ ಮೊಮ್ಮಗಳನ್ನು ನಾನು ಹಾಗೇ ಕರೆಯುವುದು.

ಸಿಂಧನೂರಿನವಳು:
ಮೇಷ್ಟ್ರೇ, ಆದ್ಯೆ ಅಂತ ಬರೆದರೆ ಇಂಗ್ಲಿಷ್‌ನಲ್ಲಿ ಇನ್ನೊಂದು ಥರ. ದಯವಿಟ್ಟು ಬೇಡ.

ಸಿರುಗುಪ್ಪದ ತಾಯಿ:
ಎಲ್ಲರಿಗೂ ಥ್ಯಾಂಕ್ಸ್. ಮೇಷ್ಟ್ರು ಹೇಳಿದ ನಾಲ್ಕು ಹೆಸರು ಅತ್ತೆಗೆ ಹೇಳಿದೆ. ಬೆರಳು ಮಡಚಿ ಎಣಿಸಿದರು. ‘ಆದ್ಯಾಕ್ಕಿಂತ ಮೊದಲು ದುರ್ಗಾ ಬಂತಲ್ಲ, ಮತ್ತೆ ಅದನ್ನೇ ಇಡಿ’ ಅಂದರು. ಏನು ಹೇಳಬೇಕೋ ತಿಳಿಯಲಿಲ್ಲ. ಅಕ್ಷರ ‘ಅ’ ಬಂದಿದೆ ಅಂದರೆ, ದೇವಿ ಹೆಸರಿಗೆ ನಕ್ಷತ್ರ ನೋಡಬಾರದು ಅಂತಾರೆ.

ಕುಷ್ಟಗಿ ಅಪ್ಪ:
ನಿಮ್ಮ ಅತ್ತೆಯವರಿಗೆ ನನ್ನ ನಮಸ್ಕಾರ ಹೇಳಿ.

ಸಿಂಧನೂರಿನವಳು:
ದುರ್ಗಾ ಅಂತ ಇಡಿ, ಅದು ಚೆನ್ನಾಗಿದೆ. ದುರುಗಮ್ಮ ಮಾತ್ರ ಬೇಡ. ಇದು ಅತ್ತೆಯವರಿಗೆ ನನ್ನ ಹೆಸರು ಹೇಳಿಯೇ ಹೇಳಿ.

ಕುಷ್ಟಗಿ ಅಪ್ಪ:
ಯಾಕೆ ಬೇಡ?