ಎಲ್‌ಬಿಎಸ್ ರಸ್ತೆಯ ಆ ಮಾಲ್ ಥಿಯೇಟರ್ ಯಾರಿಗಾದರೂ ನೆನಪಿದೆಯಾ?

ಕುಂದಾಪುರದವ:

ಮುಂಬೈಯ ಎಲ್‌ಬಿಎಸ್ (ಲಾಲ್ ಬಹದ್ದೂರ್ ಶಾಸ್ತ್ರಿ) ರಸ್ತೆಯಲ್ಲಿ ಪಾಳು ಬಿದ್ದ ಮಾಲ್ ಒಂದಿದೆ. ಹೆಸರು ಹಾಕುವುದಿಲ್ಲ, ಅಲ್ಲಿ ಅಂಗಡಿ ಕೊಂಡು ದುಡ್ಡು ಕಳಕೊಂಡವರು ನಮ್ಮವರಲ್ಲೂ ಇದ್ದಾರೆ. ಅದರ ಮೂರನೇ ಮಾಳಿಗೆಯ ಸಣ್ಣ ಥಿಯೇಟರ್‌ಗೆ ನಿಮ್ಮಲ್ಲಿ ಯಾರಾದರೂ ಹೋಗಿದ್ದೀರಾ? ಒಂದು ಫೋಟೋ ಸಿಕ್ಕಿದರೂ ಸಾಕು.

ಮಾಟುಂಗಾದ ಅರೋರಾ ಟಾಕೀಸ್ ಅಂದರೆ ಮುಂಬೈಯಲ್ಲಿರುವ ದಕ್ಷಿಣ ಭಾರತದವರೆಲ್ಲರಿಗೂ ಗೊತ್ತು. ಇದಕ್ಕೆ ಅಂಥ ಹೆಸರಿಲ್ಲ. ಎರಡು ಪರದೆ, ಮರೂನ್ ಸೀಟು, ಬಲಗಡೆ ಸ್ಪೀಕರ್ ಗೊರಗೊರ. ಎಸ್ಕಲೇಟರ್ ನಿಂತೇ ಇರುತ್ತಿತ್ತು, ಹತ್ತಿಕೊಂಡೇ ಹೋಗಬೇಕು.

ಆದರೆ ಹೋಟೆಲಿನವರಾದ ನಮಗೆ ಅದು ಹೇಳಿ ಮಾಡಿಸಿದ ಹಾಗಿತ್ತು. ನಾನು ಆಗ ಹತ್ತಿರದ ಹೋಟೆಲಿನಲ್ಲಿ ಸಪ್ಲಾಯರ್. ಊಟದ ಗಲಾಟೆ ಮುಗಿಯುವಾಗ ಮೂರು ಗಂಟೆ. ಐದಕ್ಕೆ ಸಂಜೆ ತಿಂಡಿಗೆ ಪುನಃ ನಿಲ್ಲಬೇಕು. ನಡುವೆ ಮಲಗೋಣ ಅಂದರೆ ತಗಡಿನ ಮಾಡಿನ ಕೆಳಗೆ ಅಟ್ಟ, ಏಪ್ರಿಲ್‌ನಲ್ಲಿ ಅಲ್ಲಿ ಕಣ್ಣು ಮುಚ್ಚಲಿಕ್ಕೂ ಆಗದು. ಥಿಯೇಟರ್‌ನಲ್ಲಿ ಎಸಿ. ಮೂರೂಕಾಲಿನ ಆಟಕ್ಕೆ ಹೋಗಿ ಇಂಟರ್ವಲ್‌ಗೆ ಎದ್ದು ಬರುತ್ತಿದ್ದೆವು.

ಬಾಗಿಲಲ್ಲಿ ಒಬ್ಬರು ಮರಾಠಿ ಕಾಕಾ ಇದ್ದರು. ನಮ್ಮ ಹರಿದುಳಿದ ಅರ್ಧ ಟಿಕೆಟ್ ಇಸಕೊಂಡು, ಹಿಂದೆ ನೀಲಿ ಪೆನ್ನಿನಲ್ಲಿ ಸಣ್ಣ ಗೀಟು ಹಾಕಿ ವಾಪಸ್ ಕೊಡುತ್ತಿದ್ದರು. ಇನ್ನೊಂದು ಪರದೆಯಲ್ಲಿ ಅದೇ ಸಿನಿಮಾ ಎರಡು ಗಂಟೆಗೆ ಶುರುವಾಗುತ್ತಿತ್ತು. ಮರುದಿನ ಅದರ ಇಂಟರ್ವಲ್ ಹೊತ್ತಿಗೆ ಹೋಗಿ ಗೀಟು ತೋರಿಸಿದರೆ ಸುಮ್ನೆ ಒಳಗೆ ಬಿಡುತ್ತಿದ್ದರು. ಯಾರೂ ಹೇಳಿಕೊಟ್ಟದ್ದಲ್ಲ, ಅವರೇ ಯೋಚಿಸಿ ಮಾಡಿದ್ದು. ಹಾಲ್ ಹೇಗೂ ಖಾಲಿ. ಆದರೂ ಹಾಗೆ ಬಿಡಬೇಕೆಂದು ಎಷ್ಟು ಜನರಿಗೆ ಅನಿಸುತ್ತದೆ?

ಒಂದು ಭಾನುವಾರ ಬೆಳಿಗ್ಗೆ ಅಲ್ಲಿ ಕನ್ನಡ ಸಿನಿಮಾ ಹಾಕಿದ್ದರಂತೆ. ನನಗೆ ಡ್ಯೂಟಿ ಇತ್ತು. ಅದು ನಿಜವಾ?

ಮುಲುಂಡ್ ಅಕ್ಕ:

ನಿಜ ತಮ್ಮಾ. ಟಿಕೆಟ್ ಮಾರಿದವರಲ್ಲಿ ನಾನೂ ಒಬ್ಬಳು. ಇಡೀ ಆಟದ ದುಡ್ಡು ಮೊದಲೇ ಕಟ್ಟಬೇಕಿತ್ತು. ಅದಕ್ಕೇ ಭಜನೆಗೆ ಬಂದವರು, ಯಕ್ಷಗಾನಕ್ಕೆ ಬಂದವರು, ಯಾರನ್ನೂ ಬಿಡಲಿಲ್ಲ.

ಸಿನಿಮಾ ಹಾರ್ಡ್ ಡಿಸ್ಕ್‌ನಲ್ಲಿ ಮೊದಲೇ ಬಂದಿತ್ತು. ಆದರೆ ಅದಕ್ಕೆ ಬೀಗ ಇರುತ್ತದೆ. ಇಂಥ ಪರದೆಗೆ, ಇಂಥ ದಿನ, ಇಷ್ಟರಿಂದ ಇಷ್ಟು ಗಂಟೆವರೆಗೆ ಅಂತ ಬೇರೆ ಡಿಜಿಟಲ್ ಕೀ ಕಳಿಸುತ್ತಾರೆ. ಒಂಬತ್ತೂವರೆಗೆ ಆಟ, ಕೀ ಬಂದಿಲ್ಲ! ಮಕ್ಕಳು ಪರದೆಯ ಮುಂದೆ ಓಡಾಡುತ್ತಿದ್ದಾರೆ, ಅಜ್ಜಂದಿರು ಗಡಿಯಾರ ನೋಡುತ್ತಿದ್ದಾರೆ. ಮ್ಯಾನೇಜರ್ ಬೆಂಗಳೂರಿಗೆ ಫೋನ್ ಮೇಲೆ ಫೋನ್. ಹತ್ತೂಕಾಲಿಗೆ ಕೀ ಬಂತು. ಯಾರೂ ಎದ್ದು ಹೋಗಿರಲಿಲ್ಲ. ಪರದೆ ಮೇಲೆ ಕನ್ನಡ ಅಕ್ಷರ ಬಂದ ಕೂಡಲೇ ನಮ್ಮ ಅತ್ತೆ ಕೈ ಮುಗಿದರು. ಮದುವೆಯಾಗಿ ಮುಂಬೈಗೆ ಬಂದ ಮೇಲೆ ಅವರು ಥಿಯೇಟರ್‌ನಲ್ಲಿ ಕನ್ನಡ ನೋಡಿದ್ದು ಅದೇ ಮೊದಲು.

ಘಾಟ್ಕೋಪರ್ ಲೆಕ್ಕಪತ್ರ:

ಥಿಯೇಟರ್‌ದು ತಪ್ಪಿಲ್ಲ, ಮಾಲ್ ಕಟ್ಟಿದ ರೀತಿಯೇ ಸರಿ ಇರಲಿಲ್ಲ. ಅಂಗಡಿಗಳನ್ನು ಒಂದೊಂದಾಗಿ ಬೇರೆ ಬೇರೆಯವರಿಗೆ ಮಾರಿಬಿಟ್ಟರು. ಯಾವ ಅಂಗಡಿ ಎಲ್ಲಿರಬೇಕು ಎಂದು ಹೇಳುವವರಿಲ್ಲ. ಪಾತ್ರೆ ಅಂಗಡಿ ಪಕ್ಕ ಟ್ಯೂಷನ್ ಕ್ಲಾಸ್. ಅರ್ಧ ಮಾಲೀಕರು ಮೇಂಟೆನೆನ್ಸ್ ಕಟ್ಟುವುದಿಲ್ಲ, ಆಗ ಎಸ್ಕಲೇಟರ್ ಕರೆಂಟಿಗೆ ದುಡ್ಡೆಲ್ಲಿಂದ? 2009ರಲ್ಲಿ ನಮ್ಮ ಘಾಟ್ಕೋಪರ್‌ಗೆ ಆರ್ ಸಿಟಿ ಬಂತು, 2011ರಲ್ಲಿ ಕುರ್ಲಾಕ್ಕೆ ಫೀನಿಕ್ಸ್ ಮಾರ್ಕೆಟ್‌ಸಿಟಿ. ಅಲ್ಲಿ ಇಡೀ ಮಾಲ್ ಒಬ್ಬರ ಕೈಯಲ್ಲಿ, ಅಂಗಡಿಗಳು ಬಾಡಿಗೆಗೆ. ಜನ ಆ ಕಡೆ ಹೋದರು.

ಥಿಯೇಟರ್ ಮಾತ್ರ ಆಮೇಲೂ ಎಷ್ಟೋ ವರ್ಷ ನಡೆಯಿತು. 2020ರ ಮಾರ್ಚ್‌ನಲ್ಲಿ ಕೊರೋನಾಗೆ ಮುಚ್ಚಿದ್ದೇ ಕೊನೆ. 2021ರ ಅಕ್ಟೋಬರ್ 22ಕ್ಕೆ ಮಹಾರಾಷ್ಟ್ರದಲ್ಲಿ ಥಿಯೇಟರ್‌ಗಳು ಪುನಃ ಶುರುವಾದಾಗ ಇದರ ಶಟರ್ ಎತ್ತಲಿಲ್ಲ.

ಕುಂದಾಪುರದವ:

ಅಕ್ಕ, ನಿಮ್ಮ ಅತ್ತೆಯವರ ವಿಷಯ ಓದಿ ತುಂಬಾ ಖುಷಿಯಾಯಿತು. ಅವತ್ತು ಹಾಲ್ ಒಳಗೆ ಯಾರಾದರೂ ಫೋಟೋ ತೆಗೆದಿರಬೇಕು, ಅಲ್ವಾ? ಕನ್ನಡ ಸಂಘದ ವಾಟ್ಸಾಪ್‌ನಲ್ಲಿ ಒಮ್ಮೆ ಕೇಳಿ ನೋಡಿ. ಮಸುಕಾಗಿದ್ದರೂ ಪರವಾಗಿಲ್ಲ, ಸೀಟು ಕಂಡರೆ ಸಾಕು.

ಲೆಕ್ಕಪತ್ರದವರೇ, ಆ ಮ್ಯಾನೇಜರ್ ಈಗ ಯಾವ ಥಿಯೇಟರ್‌ನಲ್ಲಿದ್ದಾರೆ ಎಂದು ಗೊತ್ತಿದ್ದರೆ ನನಗೆ ಮೆಸೇಜ್ ಮಾಡಿ. ಕಾಕಾ ಎಲ್ಲಿದ್ದಾರೆ ಎಂದು ಅವರಿಗೆ ಗೊತ್ತಿರಬಹುದು. ನಾನೀಗ ಡೊಂಬಿವಲಿಯಲ್ಲಿ ಸ್ವಂತ ಹೋಟೆಲ್ ಇಟ್ಟಿದ್ದೇನೆ. ಕಾಕಾರನ್ನು ಒಮ್ಮೆ ಊಟಕ್ಕೆ ಕರೆಯಬೇಕು.