ಸಹಾಯ ಬೇಕು: ಹೆಣ್ಮಕ್ಕಳ ಸಂಘದ ಖಡಕ್ ರೊಟ್ಟಿ ವ್ಯಾಪಾರಕ್ಕ

ಅಣ್ಣಾರ, ಅಕ್ಕಾರ, ಎಲ್ಲಾರಿಗೂ ನಮಸ್ಕಾರ್ರಿ. ನಮ್ದು ಸಿಂದಗಿ ಕಡೆ ಹಳ್ಳಿ, ಇಲ್ಲಿ ಸ್ವಸಹಾಯ ಸಂಘದ ಹೆಣ್ಮಕ್ಕಳು ಬಿಳಿಜೋಳದ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿಪುಡಿ ಮಾಡಿ ಮಾರ್ತಾರ. ವಿಜಯಪುರದ ಖಾನಾವಳಿಯವ್ರು ಎಷ್ಟು ಕೊಟ್ರೂ ತಗೋತಾರ, ಆದ್ರ ಅವ್ರು ಹೇಳಿದ ರೇಟಿಗೇ ಕೊಡಬೇಕು, ಬೆಂಗಳೂರು ಪುಣೆದಾಗ ಇರೋ ನಮ್ಮ ಮಂದಿಗೆ ನೇರ ಕಳಿಸಿದ್ರ ರೊಟ್ಟಿ ಬಡಿಯೋರ ಕೈಯಾಗ ನಾಕು ದುಡ್ಡು ಹೆಚ್ಗಿ ಉಳೀತಾವು ಅಂತ ಆಸೆ.

ಹಿಟ್ಟು ಕಲಸೋ ಮಷೀನು, ರೊಟ್ಟಿ ಮಷೀನು, ಪ್ಯಾಕಿಂಗ್ ಸೀಲರ್ ಬೇಕಾಗ್ಯಾವ. ಸಣ್ಣ ಆಹಾರ ಉದ್ಯಮಕ್ಕಂತ ಇರೋ ಕೇಂದ್ರದ ಪಿಎಂಎಫ್‌ಎಂಇ ಸ್ಕೀಮ್‌ನಾಗ 35% ಸಬ್ಸಿಡಿ, ಸಂಘದ ಸದಸ್ಯರಿಗೆ ತಲಾ 40,000 ರೂಪಾಯಿ ತನಕ ಸೀಡ್ ಕ್ಯಾಪಿಟಲ್ (ಶುರುವಿನ ಬಂಡವಾಳ) ಅಂತ ಐತಿ, ಈಗೂ ಅರ್ಜಿ ತಗೊಳಾಕತ್ತಾರೇನ್ರಿ? ಯಾರರ ಇತ್ತೀಚಿಗೆ ಹಾಕಿದ್ರ ಹೇಳ್ರಿ. ಬ್ಯಾಂಕಿನಾಗ ಹೊಲದ ಉತಾರ (ಪಹಣಿ) ತರ್ರಿ ಅಂದ್ರು. ಈ ಹೆಣ್ಮಕ್ಕಳ ಹೆಸರಿಗೆ ಹೊಲ ಎಲ್ಲಿಂದ ಬರಬೇಕ್ರಿ, ಎಲ್ಲಾ ಗಂಡನ ಇಲ್ಲಾ ಮಾವನ ಹೆಸರಿನ್ಯಾಗ ಐತಿ! ಸಣ್ಣ ವ್ಯಾಪಾರಕ್ಕ ಕೊಡೋ ಮುದ್ರಾ ಸಾಲಕ್ಕ 10 ಲಕ್ಷದ ತನಕ ಅಡಮಾನ ಬೇಕಾಗಿಲ್ಲ, ಅದನ್ನ ಮ್ಯಾನೇಜರ್ ಮುಂದ ಹೆಂಗ ಇಡಬೇಕು, ಪ್ರಾಜೆಕ್ಟ್ ರಿಪೋರ್ಟ್ ಯಾರು ಬರೆದುಕೊಡ್ತಾರ?

ಇನ್ನೊಂದು, ಡಿಗ್ರಿ ಮುಗಿಸಿ ಮನ್ಯಾಗ ಕುಂತ ಹುಡುಗ್ಯಾರು ವಾಟ್ಸಾಪ್ ಆರ್ಡರ್, ಲೆಕ್ಕ ನೋಡ್ಕೋತೀವಿ ಅಂತ ಮುಂದ ಬಂದಾರ, ನನಗ ಭಾಳ ಖುಷಿ ಆಗೇತಿ. ಅವ್ರಿಗೆ ಆರ್‌ಸೆಟಿಯೊಳಗ (ಬ್ಯಾಂಕಿನವ್ರು ನಡಸೋ ಸ್ವಉದ್ಯೋಗ ತರಬೇತಿ ಕೇಂದ್ರ) ಉಚಿತ ತರಬೇತಿ ಕೊಡಸ್ಬೇಕು, ಮುಂದಿನ ಬ್ಯಾಚ್ ಯಾವಾಗ ಅಂತ ಗೊತ್ತಿದ್ದವ್ರು ತಿಳಸ್ರಿ. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಸಂಘದ ಹೆಸರಿಗೇ ಮಾಡಸ್ಬೇಕೋ, ಒಬ್ಬರ ಹೆಸರಿಗೆ ಸಾಕೋ? ಕೊರಿಯರ್‌ನಾಗ ರೊಟ್ಟಿ ಮುರೀದಂಗ ಕಳ್ಸೋರು ಯಾವ ಡಬ್ಬಿ ವಾಪರಸ್ತೀರಿ ಅದನ್ನೂ ಹೇಳ್ರಿ, ಫೋಟೋ ಹಾಕಿದ್ರ ಇನ್ನೂ ಚಲೋ.