ಸಹಾಯ ಬೇಕು: ಅಜ್ಜನ ಕ್ಷೌರದ ಕತ್ತಿ ಮಸೆಯುವುದು ಹೇಗೆ?

ನಮಸ್ಕಾರ. ಶಿರಸಿ ಹತ್ತಿರದ ನಮ್ಮ ಮನೆಯ ಅಟ್ಟದಲ್ಲಿ ಅಜ್ಜನ ಕ್ಷೌರದ ಕತ್ತಿ ಸಿಕ್ಕಿತು. ಬ್ಲೇಡ್ ಹಾಕುವಂಥದ್ದಲ್ಲ, ಮಡಚುವ ಹಳೇ ಕತ್ತಿ. ಅಲಗಿನ ಬುಡದಲ್ಲಿ ‘ಸೋಲಿಂಗೆನ್’ ಅಂತ ಕೊರೆದಿದೆ. ಜರ್ಮನಿಯದ್ದು. ನಮ್ಮ ಮಳೆಗಾಲ ಗೊತ್ತಲ್ಲ, ಅಲಗಿನ ತುಂಬ ತುಕ್ಕಿನ ಚುಕ್ಕೆ. ಬಾಯಿಯ ನಡುವೆ ಎಳ್ಳಿನ ತುದಿಯಷ್ಟು ಒಂದು ಮುಕ್ಕು.

ಎಣ್ಣೆ ಹಚ್ಚಿ 2000 ನಂಬರಿನ ವಾಟರ್ ಪೇಪರ್‌ನಲ್ಲಿ ಮೆಲ್ಲಗೆ ತಿಕ್ಕಿದೆ. ಮೇಲಿನ ತುಕ್ಕು ಹೋಯಿತು, ಕಪ್ಪು ಗುಳಿಗಳು ಉಳಿದಿವೆ. ಅವು ಇದ್ದರೆ ಇರಲಿ, ಜಾಸ್ತಿ ತಿಕ್ಕಿ ಅಕ್ಷರ ಅಳಿಸುವುದು ಬೇಡ. ಪೇಟೆಯಲ್ಲಿ ಒಬ್ಬರು ಗ್ರೈಂಡರಿಗೆ ಹಿಡಿದು ಕೊಡ್ತೇನೆ ಅಂದರು. ನಾನು ಒಪ್ಪಲಿಲ್ಲ. ಬಿಸಿಯಾದರೆ ಉಕ್ಕಿನ ಹದ ಹೋಗುತ್ತದೆ, ಅಲ್ವಾ?

ನನ್ನ ಹತ್ತಿರ 1000 ಮತ್ತು 4000 ಗ್ರಿಟ್‌ನ ಸಾಣೆಕಲ್ಲು ಇವೆ. 8000ದ್ದು ತರಿಸಬೇಕು. ಬೆನ್ನು, ಬಾಯಿ ಎರಡೂ ಕಲ್ಲಿಗೆ ತಾಗಿರಬೇಕು ಅಂತ ಗೊತ್ತು. ಆದರೆ ಮುಕ್ಕು ತೆಗೆಯುವಾಗ ಬೆನ್ನು ಸವೆಯದಂತೆ ಟೇಪ್ ಅಂಟಿಸಬೇಕಾ? ಹಿಡಿಯ ಹಿತ್ತಾಳೆ ಮೊಳೆ ಸಡಿಲಾಗಿದೆ, ಬಿಚ್ಚದೆ ಬಿಗಿ ಮಾಡಬಹುದಾ?

ಒಂದು ಸಲವಾದರೂ ಇದರಲ್ಲೇ ಗಡ್ಡ ತೆಗೆಯುವ ಆಸೆ. ಶಿರಸಿ, ಕುಮಟಾ, ಕಾರವಾರದ ಕಡೆ ಚರ್ಮದ ಪಟ್ಟಿಯಲ್ಲಿ ಕತ್ತಿ ಮಸೆಯಲು ಬಲ್ಲ ಹಿರಿಯರಿದ್ದರೆ ದಯವಿಟ್ಟು ತಿಳಿಸಿ. ನಾನೇ ಬಂದು, ಕೂತು ಕಲಿಯುತ್ತೇನೆ.